ಕಲ್ಲಿನ ಗೀರು ನೋಡುವ ನೀರುಗಂಟಿ



ಮದ್ದೂರಿನ ನನ್ನ ಕ್ಲಿನಿಕ್ಕಿಗೆ ಒಂದು ಬೆಳಿಗ್ಗೆ ಹಿರಿಯರೊಬ್ಬರು ಬಂದಿದ್ದರು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿ, ‘ನೂರಿಪ್ಪತ್ನಾಕು, ಎಂಬತ್ತು’ ಎಂದೆ. ಅವರ ಮುಖ ಅರಳಿತು. ‘ಅಂಗಾರೆ ಕಟ್ಟೆ ತುಂಬದೆ ಅನ್ನಿ ಡಾಕ್ಟ್ರೇ!’ ಎಂದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿ ಕಟ್ಟೆಯ ಪೂರ್ಣಮಟ್ಟ 124.80 ಅಡಿ. ಮುಂಗಾರು ಹಿಡಿಯಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಜನ ಕಾಫಿ ಕುಡಿಯುವ ಮೊದಲು ಕೇಳುವುದು ಈ ಮಟ್ಟವನ್ನೇ. ಆ ಹಿರಿಯರ ತಮಾಷೆಗೆ ನಾನೂ ನಕ್ಕೆ. ಆದರೆ ಕಟ್ಟೆಗೂ ದೇಹಕ್ಕೂ ಒಂದು ವ್ಯತ್ಯಾಸ ಇದೆ. ಕಟ್ಟೆ ತುಂಬಿದರೆ ಬಾಗಿನ ಕೊಡುತ್ತೇವೆ. ದೇಹ ಹಾಗೆ ತುಂಬಿಕೊಂಡರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ, ತಲೆಯಲ್ಲಿ ರಕ್ತನಾಳ ಒಡೆಯಲೂಬಹುದು. ಅದಕ್ಕೇ ಇಲ್ಲಿ ತುಂಬುವುದಕ್ಕಿಂತ ಮಟ್ಟ ಕಾಯುವುದು ದೊಡ್ಡ ಕೆಲಸ. ಈ ಮಟ್ಟ ಕಾಯುವವರು ಯಾರು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಎದೆ ಮುಟ್ಟಿಕೊಂಡು ‘ಹಾರ್ಟು’ ಅನ್ನುತ್ತಾರೆ. ಹೃದಯ ಪಂಪು, ನಿಜ. ಆದರೆ ಪಂಪಿಗೆ ಎಷ್ಟು ನೀರು ಸಿಗಬೇಕು ಎನ್ನುವುದನ್ನು ತೀರ್ಮಾನಿಸುವವರು ಬೇರೆ ಇದ್ದಾರೆ. ಬೆನ್ನಿನ ಕಡೆ, ಕೆಳಪಕ್ಕೆಲುಬಿನ ಮರೆಯಲ್ಲಿ, ಒಂದೊಂದೂ ಸುಮಾರು ನೂರೈವತ್ತು ಗ್ರಾಂ ತೂಗುವ ಎರಡು ಮೂತ್ರಪಿಂಡಗಳು.

ಈ ಹೆಸರಿನ ಬಗ್ಗೆಯೇ ನನಗೊಂದು ತಕರಾರಿದೆ. ‘ಮೂತ್ರಪಿಂಡ’ ಎಂದು ಹೆಸರಿಟ್ಟವರು ಆ ಅಂಗಕ್ಕೆ ಅನ್ಯಾಯ ಮಾಡಿದರು. ಕನ್ನಂಬಾಡಿಯನ್ನು ಬಸಿಗಾಲುವೆಯ ಹೆಸರಿನಿಂದ ಕರೆದ ಹಾಗಾಯಿತು. ಜನ ‘ಕಿಡ್ನಿ’ ಎನ್ನುವುದೇ ವಾಸಿ. ಆ ಪದಕ್ಕೆ ನಮ್ಮಲ್ಲಿ ಯಾವ ಅರ್ಥವೂ ಇಲ್ಲದಿರುವುದರಿಂದ ತಪ್ಪು ಅರ್ಥವೂ ಇಲ್ಲ.

ಈಗ ನಮ್ಮ ತಾತನ ವಿಷಯಕ್ಕೆ ಬರುತ್ತೇನೆ. ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿ, ನಾಲೆಯ ಕೊನೆಭಾಗದಲ್ಲಿದೆ. ವೈಸರಾಯ್ ಇರ್ವಿನ್ನನ ಹೆಸರಲ್ಲಿ ಹುಟ್ಟಿ ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ನಾಲೆ ಅದು. ಕಟ್ಟೆಯಿಂದ ಹೊರಟು, ಹುಲಿಕೆರೆಯ ಸುರಂಗ ದಾಟಿ, ಮಂಡ್ಯದ ಬಯಲಿಗೂ ಮದ್ದೂರಿನ ಬಯಲಿಗೂ ನೀರುಣಿಸಿ, ನಮ್ಮ ಕಡೆ ಬರುವಷ್ಟರಲ್ಲಿ ನೀರಿಗೆ ಆಯಾಸವಾಗಿರುತ್ತದೆ. ತಾತ ಊರಿನ ನೀರುಗಂಟಿ. ರಾತ್ರಿ ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಲಾಟೀನು. ಯಾರ ಗದ್ದೆಗೆ ಎಷ್ಟು ಹೊತ್ತು, ಯಾವ ತೂಬು ಎಷ್ಟು ಗೇಣು ಎಂಬ ಲೆಕ್ಕವೆಲ್ಲ ತಲೆಯಲ್ಲೇ. ಕಟ್ಟೆಯಲ್ಲಿ ಎಷ್ಟು ಟಿಎಂಸಿ ಇದೆ ಎಂಬುದು ಅವರಿಗೆ ತಿಳಿಯದು. ತೂಬಿನ ಪಕ್ಕದ ಕಲ್ಲಿನ ಮೇಲೆ ಒಂದು ಗೀರು ಇತ್ತು. ನೀರು ಗೀರಿಗೆ ಮುಟ್ಟಿದ್ದರೆ ಸರಿ. ಕೆಳಗಿದ್ದರೆ ಮೇಲಿನ ತೂಬಿನವನಿಗೆ ಆಳು ಕಳಿಸಿ, ‘ಇನ್ನೊಂದು ಗೇಣು ಎತ್ತು ಅನ್ನು’ ಎನ್ನುತ್ತಿದ್ದರು. ಅವರ ಆಡಳಿತವೆಲ್ಲ ಆ ಗೀರಿನದೇ.

ಮುಂದೆ ಮೆಡಿಕಲ್ ಕಾಲೇಜಿನಲ್ಲಿ ಕಿಡ್ನಿಯ ಪಾಠ ಕೇಳುವಾಗ ನನಗೆ ಕಂಡದ್ದು ಪುಸ್ತಕದ ಚಿತ್ರವಲ್ಲ, ತಾತನ ಲಾಟೀನು. ಏಕೆ ಎಂದು ಹೇಳುತ್ತೇನೆ.

ಹೃದಯ ಒಂದು ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ಐದನೆಯ ಒಂದು ಭಾಗಕ್ಕೂ ಮಿಕ್ಕಿ ಈ ಎರಡು ಪುಟ್ಟ ಅಂಗಗಳಿಗೇ ಹೋಗುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನುಗಳು. ಪ್ರತಿ ನೆಫ್ರಾನಿನ ತಲೆಯಲ್ಲೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಸಿಂಬಿ. ರಕ್ತ ಅಲ್ಲಿ ಒತ್ತಡಕ್ಕೆ ಸಿಕ್ಕಿ ಸೋಸಿಹೋಗುತ್ತದೆ. ರಕ್ತಕಣಗಳೂ ದೊಡ್ಡ ಪ್ರೋಟೀನುಗಳೂ ಒಳಗೇ ಉಳಿಯುತ್ತವೆ. ನೀರು, ಉಪ್ಪು, ಸಕ್ಕರೆ, ಕಸ ಎಲ್ಲವೂ ಹೊರಗೆ ಜಿನುಗುತ್ತವೆ. ಹೀಗೆ ದಿನಕ್ಕೆ ಜಿನುಗುವುದು 180 ಲೀಟರ್. ಹದಿನೈದು ಲೀಟರಿನ ಬಿಂದಿಗೆಯಾದರೆ ಹನ್ನೆರಡು ಬಿಂದಿಗೆ. ಅದರಲ್ಲಿ ಸುಮಾರು ಒಂದೂವರೆ ಕೆಜಿ ಉಪ್ಪು ಕರಗಿರುತ್ತದೆ. ಕೊನೆಗೆ ನಾವು ಹೊರಹಾಕುವುದು ಒಂದೂವರೆ ಲೀಟರ್ ಮೂತ್ರ, ಕೆಲವೇ ಗ್ರಾಂ ಉಪ್ಪು. ಮಿಕ್ಕದ್ದೆಲ್ಲ ಮರಳಿ ರಕ್ತಕ್ಕೆ.

ವಾಪಸು ತೆಗೆದುಕೊಳ್ಳುವುದಾದರೆ ಹೊರಗೆ ಹಾಕಿದ್ದೇಕೆ? ಯುಗಾದಿಗೆ ಮನೆ ಸಾರಿಸುವಾಗ ಹೆಂಗಸರು ಏನು ಮಾಡುತ್ತಾರೆ ನೋಡಿ. ಕಸ ಯಾವುದು ಎಂದು ಮೂಲೆಮೂಲೆ ಹುಡುಕುವುದಿಲ್ಲ. ಸಾಮಾನನ್ನೆಲ್ಲ ಜಗಲಿಗೆ ತಂದು ಹಾಕುತ್ತಾರೆ. ಬೇಕಾದ್ದನ್ನು ಒಂದೊಂದೇ ಒಳಗೆ ಒಯ್ಯುತ್ತಾರೆ. ಜಗಲಿಯಲ್ಲಿ ಉಳಿದದ್ದು ತಿಪ್ಪೆಗೆ. ಕಿಡ್ನಿಯದೂ ಅದೇ ಜಾಣತನ. ದೇಹ ಹಿಂದೆಂದೂ ಕಾಣದ ಹೊಸ ಔಷಧವೋ ವಿಷವೋ ಬಂದರೂ ಬಹುಮಟ್ಟಿಗೆ ಅದನ್ನು ಗುರುತು ಹಿಡಿಯಬೇಕಾಗಿಲ್ಲ. ಒಳಗೆ ಕರೆಯದಿದ್ದರಾಯಿತು.

ಎಷ್ಟು ಕರೆಯಬೇಕು, ಎಷ್ಟು ಬಿಡಬೇಕು ಎಂಬಲ್ಲಿ ರಕ್ತದೊತ್ತಡದ ಕಥೆ ಶುರುವಾಗುತ್ತದೆ. ಅದರ ನಾಯಕ ನೀರಲ್ಲ, ಉಪ್ಪು.

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನು ತಪ್ಪು ಮಾಡಿದವರಿಗೆ ಹೇಳುತ್ತೇವೆ. ನನ್ನ ಮಟ್ಟಿಗೆ ಅದು ಶರೀರಶಾಸ್ತ್ರದ ಒಂದು ಅಧ್ಯಾಯ. ಆಸ್ಪತ್ರೆಯಲ್ಲಿ ಏರಿಸುವ ಒಂದು ಲೀಟರ್ ಸಲೈನ್ ಬಾಟಲಿಯಲ್ಲಿ ಒಂಬತ್ತು ಗ್ರಾಂ ಉಪ್ಪಿರುತ್ತದೆ. ರಕ್ತದ ಉಪ್ಪಿನ ಹದ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಒಂಬತ್ತು ಗ್ರಾಂ ಉಪ್ಪು ದೇಹದಲ್ಲಿ ಉಳಿದುಬಿಟ್ಟರೆ ಅದರ ಹಿಂದೆ ಒಂದು ಲೀಟರ್ ನೀರು ಉಳಿಯಲೇಬೇಕು. ಮೊದಲು ಬಾಯಾರಿಕೆ. ಕುಡಿಯುತ್ತೀರಿ. ರಕ್ತದ ಪ್ರಮಾಣ ಏರುತ್ತದೆ, ಒತ್ತಡವೂ ಏರುತ್ತದೆ. ಒತ್ತಡ ಏರಿದಾಗ ಆರೋಗ್ಯವಂತ ಕಿಡ್ನಿ ತಾನಾಗಿಯೇ ಹೆಚ್ಚು ಉಪ್ಪನ್ನು ಹೊರಗೆ ಬಿಡುತ್ತದೆ, ನೀರೂ ಅದರ ಬೆನ್ನಿಗೆ ಹೋಗುತ್ತದೆ. ಒಂದೆರಡು ದಿನದಲ್ಲಿ ಮಟ್ಟ ಮೊದಲಿನಂತಾಗುತ್ತದೆ. ಹೃದಯ ಎಷ್ಟೇ ಜೋರಾಗಿ ಬಡಿಯಲಿ, ರಕ್ತನಾಳ ಎಷ್ಟೇ ಬಿಗಿಯಲಿ, ಕಿಡ್ನಿ ಉಪ್ಪು ಬಿಡುತ್ತಿರುವ ತನಕ ಒತ್ತಡ ಬಹುಕಾಲ ಏರಿ ನಿಲ್ಲಲಾರದು. ಅಮೆರಿಕದ ಆರ್ಥರ್ ಗೈಟನ್ ಎಂಬ ವಿಜ್ಞಾನಿ ಈ ವಾದವನ್ನು ಬಿಡದೆ ಹಿಡಿದವರು. ಅವರ ಪಠ್ಯಪುಸ್ತಕ ಓದದೆ ನಮ್ಮಲ್ಲಿ ಯಾರೂ ಡಾಕ್ಟರಾಗುವುದಿಲ್ಲ.

ಇದಕ್ಕೆ ತದ್ವಿರುದ್ಧ ಪರಿಸ್ಥಿತಿಯನ್ನು ನೋಡೋಣ. ಮಟ್ಟ ಇಳಿದಿದೆ. ಭೇದಿಯಾಗಿದೆ, ಇಲ್ಲವೇ ಏಪ್ರಿಲ್ ಬಿಸಿಲಲ್ಲಿ ಕಬ್ಬು ಕಡಿದು ಬೆವರು ಹರಿದಿದೆ, ಇಲ್ಲವೇ ಗಾಯದಿಂದ ರಕ್ತ ಹೋಗಿದೆ. ಇದು ಯಾರಿಗೆ ಗೊತ್ತಾಗಬೇಕು?

ಕಿಡ್ನಿಯ ರಚನೆಯಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವ ಭಾಗ ಇದು. ನೆಫ್ರಾನಿನ ನಾಳ ಸಿಂಬಿಯಿಂದ ಹೊರಟು, ಸುತ್ತಿ ಸುಳಿದು, ಆಳಕ್ಕೆ ಇಳಿದು, ಮತ್ತೆ ಮೇಲಕ್ಕೆ ಹತ್ತಿ, ತಾನು ಹೊರಟ ಸಿಂಬಿಯ ಬಾಗಿಲನ್ನೇ ಬಂದು ಮುಟ್ಟುತ್ತದೆ. ಮುಟ್ಟುವ ಜಾಗದಲ್ಲಿ ಒತ್ತಾಗಿ ಕೂತ ಕೆಲವು ಕೋಶಗಳಿವೆ. ತಮ್ಮ ಮುಂದೆ ಹರಿಯುವ ದ್ರವದಲ್ಲಿ ಉಪ್ಪು ಎಷ್ಟಿದೆ ಎಂದು ಅವು ರುಚಿ ನೋಡುತ್ತಿರುತ್ತವೆ. ಬಾಗಿಲಿನ ರಕ್ತನಾಳದ ಗೋಡೆಯಲ್ಲಿ ಇನ್ನೂ ಕೆಲವು ಕೋಶಗಳು. ಅವು ಒತ್ತಡವನ್ನು ಅಳೆಯುತ್ತವೆ. ನಮ್ಮ ಗೀರು ಇದೇ. ಉಪ್ಪು ಕಡಿಮೆ ಬಂತು, ಒತ್ತಡ ಇಳಿಯಿತು ಅನ್ನಿಸಿದ ಕೂಡಲೇ ನೀರುಗಂಟಿ ಆಳು ಕಳಿಸುತ್ತಾನೆ. ಆ ಆಳಿನ ಹೆಸರು ರೆನಿನ್.

ರೆನಿನ್ ತಾನೇ ಏನೂ ಮಾಡುವುದಿಲ್ಲ. ಯಕೃತ್ತು ರಕ್ತಕ್ಕೆ ಬಿಟ್ಟ ಒಂದು ಪ್ರೋಟೀನನ್ನು ಕತ್ತರಿಸುತ್ತದೆ, ಅಷ್ಟೆ. ಆ ತುಂಡು ಶ್ವಾಸಕೋಶದ ಮೂಲಕ ಹಾದುಹೋಗುವಾಗ ಎಸಿಇ ಎಂಬ ಇನ್ನೊಂದು ಕಿಣ್ವ ಅದನ್ನು ಮತ್ತೊಮ್ಮೆ ಕತ್ತರಿಸುತ್ತದೆ. ಆಗ ಹುಟ್ಟುವುದೇ ಆಂಜಿಯೊಟೆನ್ಸಿನ್. ಇವನು ಬಲು ಗಟ್ಟಿಗ. ಮೈಯೆಲ್ಲ ರಕ್ತನಾಳಗಳನ್ನು ಬಿಗಿಯುತ್ತಾನೆ, ಒತ್ತಡ ಕ್ಷಣದಲ್ಲಿ ಏರುತ್ತದೆ. ಮಿದುಳಿಗೆ ಬಾಯಾರಿಕೆ ಹುಟ್ಟಿಸುತ್ತಾನೆ. ಕಿಡ್ನಿಯ ತಲೆಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗೆ ಹೇಳಿ ಆಲ್ಡೊಸ್ಟೆರಾನ್ ಎಂಬ ಹಾರ್ಮೋನು ಬಿಡಿಸುತ್ತಾನೆ. ಅದು ನೆಫ್ರಾನಿನ ಕೊನೆಭಾಗಕ್ಕೆ ಬಂದು, ಹೊರಟಿದ್ದ ಉಪ್ಪನ್ನು ವಾಪಸು ಎಳೆದು, ಬದಲಿಗೆ ಪೊಟ್ಯಾಸಿಯಮ್ಮನ್ನು ಹೊರಗಟ್ಟುತ್ತದೆ. ಈ ಪೊಟ್ಯಾಸಿಯಂ ನೆನಪಿರಲಿ, ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋದಾಗ ಬೇಕಾಗುತ್ತದೆ.

ಎದುರು ದಿಕ್ಕಿನ ಆಳೂ ಒಬ್ಬನಿದ್ದಾನೆ. ರಕ್ತ ಜಾಸ್ತಿಯಾಗಿ ಹೃದಯದ ಮೇಲಿನ ಕೋಣೆಗಳು ಹಿಗ್ಗಿದರೆ, ಹೃದಯವೇ ಒಂದು ಹಾರ್ಮೋನು ಬಿಟ್ಟು ‘ಸಾಕು, ಉಪ್ಪು ಬಿಡು’ ಎಂದು ಕಿಡ್ನಿಗೆ ಹೇಳಿಕಳಿಸುತ್ತದೆ. ಇದು ಗೊತ್ತಾದದ್ದು 1981ರಲ್ಲಿ, ಕೆನಡಾದಲ್ಲಿ. ಅಲ್ಲಿಯವರೆಗೆ ಹೃದಯಕ್ಕೆ ಬಡಿಯುವುದು ಬಿಟ್ಟು ಬೇರೆ ಉದ್ಯೋಗ ಇದೆ ಎಂದೇ ತಿಳಿದಿರಲಿಲ್ಲ.

ರೆನಿನ್ ಮಾತ್ರ ಬಹಳ ಹಳಬ. 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ರಾಬರ್ಟ್ ಟಿಗರ್ಸ್ಟೆಡ್ ಮತ್ತು ಅವರ ಶಿಷ್ಯ ಬರ್ಗ್‌ಮನ್ ಮೊಲದ ಕಿಡ್ನಿಯನ್ನು ಅರೆದು, ಸೋಸಿದ ರಸವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದರು. ರಕ್ತದೊತ್ತಡ ಏರಿತು. ರಸಕ್ಕೆ ಹೆಸರಿಟ್ಟರು, ಲೇಖನ ಬರೆದರು. ಮೂವತ್ತು ವರ್ಷಕ್ಕೂ ಮೇಲೆ ಅದನ್ನು ಯಾರೂ ದೊಡ್ಡದಾಗಿ ಮಾಡಲಿಲ್ಲ.

1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ಮಾಡಿದ ಪ್ರಯೋಗವನ್ನು ಹೇಳುವ ಮೊದಲು ತಾತನ ಒಂದು ರಾತ್ರಿಯ ಕಥೆ ಹೇಳಬೇಕು. ಅವತ್ತು ಕಲ್ಲಿನ ಗೀರಿಗಿಂತ ನೀರು ಒಂದು ಗೇಣು ಕೆಳಗಿತ್ತು. ತಾತ ಮಾಮೂಲಿನಂತೆ ಆಳು ಕಳಿಸಿದರು. ಮೇಲಿನವನು ತೂಬು ಎತ್ತಿದ. ಆದರೂ ಇಲ್ಲಿ ಗೀರಿಗೆ ಮುಟ್ಟಲಿಲ್ಲ. ಮತ್ತೆ ಆಳು ಹೋದ, ಮತ್ತೆ ಎತ್ತಿದರು. ಬೆಳಿಗ್ಗೆ ನೋಡಿದರೆ ಮೇಲಿನ ಗದ್ದೆಗಳೆಲ್ಲ ಕೆರೆಯಾಗಿದ್ದವು, ನಾಟಿ ಮಾಡಿದ ಪೈರು ತೇಲುತ್ತಿತ್ತು. ಯಾರೋ ತನ್ನ ಗದ್ದೆಗೆ ನೀರು ತಿರುಗಿಸಿಕೊಳ್ಳಲು ನಮ್ಮ ತೂಬಿನಿಂದ ಸ್ವಲ್ಪ ಮೇಲೆ, ಕಾಲುವೆಗೆ ಹುಲ್ಲಿನ ಕಂತೆ ಅಡ್ಡಹಾಕಿದ್ದ. ಊರಿಗೆ ನೀರು ಕಡಿಮೆ ಇರಲೇ ಇಲ್ಲ. ಗೀರಿನ ಹತ್ತಿರ ಮಾತ್ರ ಕಡಿಮೆ. ಪಂಚಾಯಿತಿಯಲ್ಲಿ ತಾತ ಒಂದೇ ಮಾತು ಹೇಳಿದರಂತೆ: ‘ನಾನು ನೋಡೋದು ನನ್ನ ಕಲ್ಲ ಕಣ್ರಪ್ಪ.’

ಗೋಲ್ಡ್‌ಬ್ಲಾಟ್ ಹಾಕಿದ್ದು ಅಂಥದೇ ಒಂದು ಕಂತೆ. ನಾಯಿಗಳ ಕಿಡ್ನಿಗೆ ರಕ್ತ ಒಯ್ಯುವ ನಾಳಕ್ಕೆ ಪುಟ್ಟ ಚಿಮಟ ಬಿಗಿದರು. ನಾಳ ಪೂರ್ತಿ ಮುಚ್ಚಲಿಲ್ಲ, ಕಿರಿದಾಯಿತು ಅಷ್ಟೆ. ನಾಯಿಗಳ ರಕ್ತದೊತ್ತಡ ಏರಿ ನಿಂತಿತು. ಮೈಯಲ್ಲಿ ರಕ್ತ ಬೇಕಾದಷ್ಟಿದೆ, ಆದರೆ ಚಿಮಟದಾಚೆ ಕೂತ ನೀರುಗಂಟಿಗೆ ಕಾಣುವುದು ಬರಗಾಲ. ಅವನು ರೆನಿನ್ ಕಳಿಸುತ್ತಲೇ ಇದ್ದಾನೆ. ಮನುಷ್ಯರಲ್ಲೂ ಕೊಬ್ಬು ಕಟ್ಟಿ ಕಿಡ್ನಿಯ ನಾಳ ಕಿರಿದಾದರೆ ಹೀಗೇ ಆಗುತ್ತದೆ. ಬಿ.ಪಿ. ಇರುವ ಹೆಚ್ಚಿನವರಲ್ಲಿ ಇಂಥ ಒಂದೇ ಕಂತೆಯನ್ನು ಬೆರಳಿಟ್ಟು ತೋರಿಸಲಾಗದು, ನಿಜ. ವಂಶ, ವಯಸ್ಸು, ತೂಕ, ಉಪ್ಪು ಎಲ್ಲ ಸೇರಿರುತ್ತದೆ. ಆದರೆ ಒತ್ತಡ ವರ್ಷಗಟ್ಟಲೆ ಏರಿದ್ದರೆ ಕಿಡ್ನಿಯ ಸಣ್ಣ ನಾಳಗಳು ತಾವೇ ಗಡುಸಾಗಿ ಕಿರಿದಾಗುತ್ತವೆ. ಆಗ ಒಳಗೇ ಸಾವಿರಾರು ಕಂತೆಗಳು. ನೀರುಗಂಟಿ ಇನ್ನಷ್ಟು ಕೂಗುತ್ತಾನೆ, ಒತ್ತಡ ಇನ್ನಷ್ಟು ಏರುತ್ತದೆ. ಅವನು ಕೆಟ್ಟವನಲ್ಲ ಎಂಬುದೇ ಇಲ್ಲಿಯ ಸಂಕಟ. ನಿಯತ್ತಿನಿಂದಲೇ ಊರು ಮುಳುಗಿಸುತ್ತಾನೆ.

ಹಾಗಾದರೆ ಆ ಆಳನ್ನು ದಾರಿಯಲ್ಲೇ ತಡೆದರೆ? ಈ ಉಪಾಯ ಬಂದದ್ದು ಹಾವಿನಿಂದ. ಬ್ರೆಜಿಲ್ಲಿನಲ್ಲಿ ಜರರಾಕ ಎಂಬ ಮಂಡಲದ ಜಾತಿಯ ಹಾವಿದೆ. ಅದು ಕಚ್ಚಿದವರ ರಕ್ತದೊತ್ತಡ ದಿಢೀರನೆ ಕುಸಿಯುತ್ತಿತ್ತು. ಅಲ್ಲಿಯ ಸೆರ್ಜಿಯೊ ಫೆರೇರ 1960ರ ದಶಕದಲ್ಲಿ ಆ ವಿಷವನ್ನು ಬಿಡಿಸಿ ನೋಡಿದರು. ಅದರಲ್ಲಿದ್ದ ಒಂದು ಅಂಶ, ನಾನಾಗಲೇ ಹೇಳಿದ ಶ್ವಾಸಕೋಶದ ಕಿಣ್ವವನ್ನು ಕಟ್ಟಿಹಾಕುತ್ತಿತ್ತು. ಆ ಸುಳಿವಿನಿಂದ ಕ್ಯಾಪ್ಟೊಪ್ರಿಲ್ ಎಂಬ ಮಾತ್ರೆ ತಯಾರಾಗಿ 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇವತ್ತು ನಿಮ್ಮ ಚೀಟಿಯಲ್ಲಿ ಎನಾಲಪ್ರಿಲ್, ರಾಮಿಪ್ರಿಲ್ ಎಂದಿದ್ದರೆ ಅದು ಆ ಹಾವಿನ ವಂಶ. ಕೆಲವರಿಗೆ ಅದರಿಂದ ಒಣಕೆಮ್ಮು ಬರುತ್ತದೆ. ಅಂಥವರಿಗೆ ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಕೊಡುತ್ತೇವೆ. ಕಬ್ಬಿನ ಗದ್ದೆಯಲ್ಲಿ ಮಂಡಲದ ಹಾವಿಗೆ ಹೆದರಿ ಬೂಟು ಹಾಕುವ ರೈತ, ಬೆಳಿಗ್ಗೆ ಅದರ ದೂರದ ನೆಂಟನ ಉಪಕಾರ ನುಂಗಿಯೇ ಹೊರಟಿರುತ್ತಾನೆ.

‘ಬಿ.ಪಿ. ಮಾತ್ರೆ ನುಂಗಿದ್ರೆ ಕಿಡ್ನಿ ಹೋಯ್ತದಂತಲ್ಲ ಸಾರ್?’ ಈ ಪ್ರಶ್ನೆ ವಾರಕ್ಕೆ ನಾಲ್ಕು ಸಲ ಬರುತ್ತದೆ. ಮಾತ್ರೆ ನಿಲ್ಲಿಸಿ, ವರ್ಷದ ಮೇಲೆ ಮುಖ ಊದಿಸಿಕೊಂಡು ಬಂದವರನ್ನು ನೋಡಿ ನೋಡಿ ನನಗೆ ಈ ಮಾತು ಕೇಳಿದರೆ ಸ್ವಲ್ಪ ಸಿಟ್ಟೇ ಬರುತ್ತದೆ. ಕಿಡ್ನಿ ಕೆಡಿಸುವುದು ಹತೋಟಿಯಿಲ್ಲದ ಬಿ.ಪಿ. ಮತ್ತು ಸಕ್ಕರೆ ಕಾಯಿಲೆ. ಈಗ ಹೇಳಿದ ಮಾತ್ರೆಗಳು ಸಿಂಬಿಯ ಒಳಗಿನ ಒತ್ತಡ ಇಳಿಸಿ ಅದನ್ನು ಕಾಪಾಡುತ್ತವೆ. ಶುರುಮಾಡಿದ ಮೇಲೆ ಒಮ್ಮೆ ರಕ್ತಪರೀಕ್ಷೆ ಬೇಕು. ಬಸುರಿಯರಿಗೆ ಇವು ಕೂಡದು. ವಾಂತಿಭೇದಿ ಜೋರಾದರೆ ಡಾಕ್ಟರನ್ನು ಕೇಳಿ ನಾಲ್ಕು ದಿನ ನಿಲ್ಲಿಸಬೇಕಾಗಬಹುದು. ನಿಜಕ್ಕೂ ಹೆದರಬೇಕಾದ ಮಾತ್ರೆ ಬೇರೆ ಇದೆ. ದಿನವೆಲ್ಲ ದುಡಿದು, ಸಂಜೆ ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಳ್ಳುತ್ತೀರಲ್ಲ, ಆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯದು. ನೀರು ಕಡಿಮೆಯಾದಾಗ ಕಿಡ್ನಿ ತನ್ನ ಬಾಗಿಲನ್ನು ಕಷ್ಟಪಟ್ಟು ತೆರೆದಿಟ್ಟುಕೊಂಡಿರುತ್ತದೆ. ಈ ಮಾತ್ರೆ ಆ ಬಾಗಿಲನ್ನೇ ಮುಚ್ಚುತ್ತದೆ.

ಮಧ್ಯ ಅಮೆರಿಕದ ನಿಕರಾಗುವ, ಎಲ್ ಸಾಲ್ವಡಾರ್ ದೇಶಗಳಲ್ಲಿ ಬಿ.ಪಿ.ಯೂ ಸಕ್ಕರೆ ಕಾಯಿಲೆಯೂ ಇಲ್ಲದ ಪ್ರಾಯದ ಕಬ್ಬು ಕಡಿಯುವವರು ಸಾಲುಸಾಲಾಗಿ ಕಿಡ್ನಿ ಕಳೆದುಕೊಂಡಿದ್ದಾರೆ. ಕಾರಣ ಇನ್ನೂ ಪೂರ್ತಿ ಬಿಡಿಸಿಲ್ಲ. ಬಿಸಿಲಿನಲ್ಲಿ ಬಿಡುವಿಲ್ಲದ ದುಡಿಮೆ, ದಿನವೂ ಒಣಗುವ ದೇಹ ಮುಖ್ಯ ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ಅಲ್ಲಿಯ ಕೆಲವು ಕಡೆ ಈಗ ನೀರು, ನೆರಳು, ಬಿಡುವು ಈ ಮೂರನ್ನೂ ಕೆಲಸದ ಭಾಗವಾಗಿಯೇ ಕೊಡುತ್ತಾರೆ. ಮಂಡ್ಯದ ಗದ್ದೆಗಳಿಗೆ ಹೊರಜಿಲ್ಲೆಗಳಿಂದ ಗುಂಪುಗುಂಪಾಗಿ ಬಂದು ಕಬ್ಬು ಕಡಿಯುವವರಿಗೆ ಟನ್ನಿನ ಲೆಕ್ಕದಲ್ಲಿ ಕೂಲಿ. ನೀರು ಕುಡಿಯಲು ನಿಂತರೆ ಟನ್ನು ಕಡಿಮೆ. ಗದ್ದೆಯ ಯಜಮಾನರು ಬದುವಿನ ಮೇಲೆ ಒಂದು ಕೊಡ ನೀರು, ನಾಲ್ಕು ಗರಿಯ ನೆರಳು ಮಾಡಿಸಿದರೆ ದೊಡ್ಡ ಖರ್ಚೇನಲ್ಲ.

ಇನ್ನು ಎಳನೀರು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡಿದವರಿಗೆ ಮದ್ದೂರು ಎಂದರೆ ವಡೆ, ಆಮೇಲೆ ಎಳನೀರು. ಕಿಡ್ನಿ ಚೆನ್ನಾಗಿದ್ದವರು ಧಾರಾಳವಾಗಿ ಕುಡಿಯಿರಿ. ಆದರೆ ಎಳನೀರಿನಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೇರಳ, ಒಂದು ಲೋಟಕ್ಕೆ ಹತ್ತಿರ ಹತ್ತಿರ ಆರುನೂರು ಮಿಲಿಗ್ರಾಂ. ಸೋತ ಕಿಡ್ನಿ ಅದನ್ನು ಹೊರಗಟ್ಟಲಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ತಾಳ ತಪ್ಪಿ ನಿಂತೇ ಹೋಗಬಹುದು. ‘ಕಿಡ್ನಿ ವೀಕು, ತಂಪಾಗ್ಲಿ’ ಎಂದು ಪ್ರೀತಿಯಿಂದ ಮಗ ದಿನಕ್ಕೆ ಎರಡು ಎಳನೀರು ಕೆತ್ತಿ ಕೊಟ್ಟ ಮನೆಗಳನ್ನು ನಾನು ಬಲ್ಲೆ. ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲೂ ಇರುವುದು ಅದೇ ಪೊಟ್ಯಾಸಿಯಂ.

ಉಪ್ಪಿನ ಲೆಕ್ಕ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಮ್ಮಿ. ಹೆಸರಿನಲ್ಲೇ ಉಪ್ಪಿಟ್ಟುಕೊಂಡಿರುವ ಉಪ್ಪೆಸರು ಉಣ್ಣುವ ನಾವು, ಮುದ್ದೆಯ ಪಕ್ಕದ ಉಪ್ಪಿನಕಾಯಿಯನ್ನಾದರೂ ದೂರ ಇಡಬಹುದು. ನನ್ನ ಹೆಂಡತಿ ಉಪ್ಪೆಸರಿಗೆ ಹುಣಸೆ, ಬೆಳ್ಳುಳ್ಳಿ ಮುಂದೆ ಮಾಡಿ ಉಪ್ಪನ್ನು ಹಿಂದಕ್ಕೆ ಸರಿಸಿದ್ದಾಳೆ. ಮೂರು ವಾರ ಗೊಣಗಿದೆ, ಆಮೇಲೆ ನಾಲಿಗೆ ಒಪ್ಪಿತು.

ಕಿಡ್ನಿ ಕೆಡುವಾಗ ನೋವಾಗುವುದಿಲ್ಲ. ರಕ್ತದ ಕ್ರಿಯಾಟಿನಿನ್ ಏರುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಕೆಲಸ ನಿಂತಿರುತ್ತದೆ. ಅದಕ್ಕಿಂತ ಮೊದಲೇ ಮೂತ್ರದಲ್ಲಿ ಆಲ್ಬುಮಿನ್ ಸೋರುವುದು ಗೊತ್ತಾಗುತ್ತದೆ. ಬಿ.ಪಿ., ಸಕ್ಕರೆ ಇರುವವರು ವರ್ಷಕ್ಕೊಮ್ಮೆ ಎರಡನ್ನೂ ನೋಡಿಸಿಕೊಳ್ಳಿ. ನೀರು ಹೆಚ್ಚಾಗಿ ಬಸಿಗಾಲುವೆ ಇಲ್ಲದ ಗದ್ದೆ ಜೌಗಾಗಿ, ಚೌಳಾಗಿ, ಬಿಳಿ ಉಪ್ಪು ಕಕ್ಕುವುದನ್ನು ನಾಲೆಯ ಸೀಮೆಯವರು ಕಂಡಿದ್ದೀರಿ. ಸೋತ ಕಿಡ್ನಿಯ ದೇಹವೂ ಹಾಗೆಯೇ. ಆಗ ಉಳಿಯುವುದು ಡಯಾಲಿಸಿಸ್ ಇಲ್ಲವೇ ಕಸಿ. ಡಯಾಲಿಸಿಸ್ ಯಂತ್ರ ವಾರಕ್ಕೆ ಎರಡು ಮೂರು ಸಲ, ನಾಲ್ಕು ನಾಲ್ಕು ಗಂಟೆ ರಕ್ತ ಸೋಸುತ್ತದೆ. ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಯಂತ್ರಕ್ಕೆ ಸೋಸುವುದು ಗೊತ್ತು, ಗೀರು ನೋಡುವುದು ಗೊತ್ತಿಲ್ಲ. ನೀರೆಷ್ಟು ತೆಗೆಯಬೇಕು ಎಂದು ತೂಕ ನೋಡಿ ಮನುಷ್ಯರೇ ಹೇಳಬೇಕು.

ನಮ್ಮೂರ ಕಡೆಯ ರೈತರೊಬ್ಬರು ಹೀಗೆ ವಾರಕ್ಕೆರಡು ಸಲ ಆಸ್ಪತ್ರೆಗೆ ಬರುತ್ತಾರೆ. ಮನೆಯಲ್ಲಿ ದಿನದ ನೀರನ್ನು ಒಂದು ಚೊಂಬಿನಲ್ಲಿ ಅಳೆದಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಾರೆ. ಮೊನ್ನೆ ನಾನು ಅಲ್ಲಿದ್ದಾಗ ಅವರು ತೂಕದ ಯಂತ್ರದಿಂದ ಇಳಿದು, ಹಾಸಿಗೆಯ ಮೇಲೆ ಕೈಚಾಚಿ ಮಲಗಿ, ನರ್ಸಮ್ಮನಿಗೆ ಹೇಳುತ್ತಿದ್ದರು: ‘ಎರಡೂವರೆ ಕೇಜಿ ಜಾಸ್ತಿ ಬಂದದೆ ಕಣವ್ವ. ಒಂದೇ ಏಟ್ಗೆ ಬಸೀಬ್ಯಾಡ, ಕಾಲು ಸೆಳೀತದೆ, ಕಣ್ಣು ಕತ್ಲೆ ಬತ್ತದೆ. ತೂಬ ಒಸಿ ಒಸಿ ಎತ್ತು.’